ಕಿಚ್ಚು ಹಾಯಿಸದ ವರ್ಷ

ನಮ್ಮ ಮನೆ ಊರೊಳಗಿಲ್ಲ. ಯಲ್ದೂರಿನಿಂದ ಬೆಟ್ಟದ ಕಡೆ ಹೋಗುವ ಮಣ್ಣು ರಸ್ತೆಯಲ್ಲಿ, ಮಾವಿನ ತೋಪಿನ ಕೊನೆಗೆ ಇದೆ. ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಎರಡು ಸಾಲು ಮಾವಿನ ಮರ, ಅದರಾಚೆ ಮುಳ್ಳುತಂತಿ ಬೇಲಿ, ಬೇಲಿಯಾಚೆ ಬೆಟ್ಟ. ಬೆಟ್ಟವೆಂದರೆ ಬಂಡೆಗಳು, ಬಂಡೆಗಳ ಸಂದಿಯಲ್ಲಿ ಆಳೆತ್ತರದ ಬಾದೆ ಹುಲ್ಲು, ಲಂಟಾನದ ಪೊದೆ, ಬುಡದಲ್ಲಿ ಯಾವ ಕಾಲದಲ್ಲೋ ನೆಟ್ಟ ನೀಲಗಿರಿ. ಮಳೆಗಾಲದಲ್ಲಿ ನೋಡುವುದಕ್ಕೆ ಚೆನ್ನಾಗಿರುತ್ತದೆ. ಸಂಕ್ರಾಂತಿ ಕಳೆಯಿತೆಂದರೆ ಅಷ್ಟೂ ಒಣಗಿ ಸೌದೆಯಾಗುತ್ತದೆ.

ಪ್ರತಿ ಬೇಸಿಗೆಯಲ್ಲೂ ಆ ಬೆಟ್ಟಕ್ಕೆ ಬೆಂಕಿ ಬೀಳುತ್ತದೆ. ಹೊಸ ಹುಲ್ಲು ಬರಲಿ ಅಂತ ಕುರಿಯವರು ಹಚ್ಚುತ್ತಾರೆ ಎಂದು ಊರವರು ಹೇಳುತ್ತಾರೆ, ಊರವರು ಎಸೆದ ಬೀಡಿಯಿಂದ ಹತ್ತುತ್ತದೆ ಎಂದು ಕುರಿಯವರು ಹೇಳುತ್ತಾರೆ. ಯಾರು ಹೇಳಿದ್ದು ನಿಜ ಎಂದು ತಿಳಿದುಕೊಳ್ಳುವ ಆತುರ ಯಾರಿಗೂ ಇಲ್ಲ. ನಾವೂ ಜಗಲಿಯ ಮೇಲೆ ಕೂತು, ಕಾಫಿ ಕುಡಿಯುತ್ತ, ಬೆಂಕಿ ಇಳಿದು ಬರುವುದನ್ನು ನೋಡಿದವರೇ. ಅದು ನಮ್ಮ ಬೇಲಿಯ ತನಕ ಬಂದು ತಣ್ಣಗಾಗುತ್ತಿತ್ತು. ಬೆಟ್ಟದ ಮೇಲಿರುವ ದೇವರ ದಯೆ ಎನ್ನುತ್ತಿದ್ದರು ಅಪ್ಪ. ಇರಬಹುದು ಅಂತ ನಾನೂ ಅಂದುಕೊಂಡಿದ್ದೆ.

ನನ್ನ ಕೆಲಸ ಬಸ್ಸಿನ ಕಂಡಕ್ಟರ್. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ದಿನವಿಡೀ ಓಡಾಡುತ್ತೇನೆ. ದಾರಿಯುದ್ದಕ್ಕೂ ಅರ್ಧ ಕನ್ನಡ, ಅರ್ಧ ತೆಲುಗು. ಮನೆಯಲ್ಲೂ ಹಾಗೆಯೇ. ಅಪ್ಪ ನಮ್ಮ ಜೊತೆ ಕನ್ನಡ ಮಾತಾಡುತ್ತಾರೆ, ಹಸುಗಳ ಜೊತೆ ತೆಲುಗು. ಹಸುಗಳ ಜೊತೆ ಮಾತಾಡುವಾಗಿನ ದನಿ ಸ್ವಲ್ಪ ಹೆಚ್ಚು ಮೆತ್ತಗಿರುತ್ತದೆ.

ಅಮ್ಮನಿಗೆ ಒಂದು ಹುಚ್ಚಿತ್ತು. ಸಂಕ್ರಾಂತಿಯ ಸಂಜೆ ಹಸುಗಳಿಗೆ ಕಿಚ್ಚು ಹಾಯಿಸುತ್ತೇವಲ್ಲ, ಆ ಕಿಚ್ಚು ಊರಿನವರ ಕಿಚ್ಚಿಗಿಂತ ದೊಡ್ಡದಾಗಬೇಕು. ನಮ್ಮದು ಒಂಟಿ ಮನೆಯಾದ್ದರಿಂದ ಗೇಟಿನ ಮುಂದೆ ನಾವೇ ಬೇರೆ ಹಚ್ಚುತ್ತಿದ್ದೆವು. ಅದಕ್ಕಾಗಿ ದೀಪಾವಳಿ ಮುಗಿದ ಮಾರನೆಯ ದಿನದಿಂದಲೇ ಅಮ್ಮ ತರಗು ಕೂಡಿಸಲು ಶುರುಮಾಡುತ್ತಿದ್ದಳು. ತೆಂಗಿನ ಕಡ್ಡಿ ಪೊರಕೆ ಹಿಡಿದು ಅಂಗಳ, ಕೊಟ್ಟಿಗೆಯ ಸುತ್ತ, ಮಾವಿನ ಮರಗಳ ಬುಡ, ಹೀಗೆ ದಿನಕ್ಕಿಷ್ಟು ಗುಡಿಸಿ ಮಂಕರಿಯಲ್ಲಿ ತುಂಬಿ ಕೊಟ್ಟಿಗೆಯ ಹಿಂದಿನ ಸೂರಿನ ಕೆಳಗೆ ಸುರಿಯುವಳು. ಇಬ್ಬನಿ ಬೀಳಬಾರದು ಅಂತ ಆ ಜಾಗ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ನಮ್ಮೆಲ್ಲರ ಕೈಗೂ ಕುಡುಗೋಲು ಕೊಟ್ಟು ಬೇಲಿಯ ತನಕ ಒಣ ಹುಲ್ಲು ಕೊಯ್ಯಿಸುವಳು. ನಾನು ಗೊಣಗುತ್ತಿದ್ದೆ. ಇಷ್ಟು ದೊಡ್ಡ ಕಿಚ್ಚು ಹಸುವಿಗೋ, ಊರವರಿಗೆ ತೋರಿಸುವುದಕ್ಕೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತಿದ್ದಳು. ಬೆಟ್ಟದ ಬೆಂಕಿಯ ಮಾತು ಒಂದು ದಿನವೂ ಅವಳ ಬಾಯಲ್ಲಿ ಬಂದದ್ದಿಲ್ಲ.

ಸಂಕ್ರಾಂತಿಗೆ ಇನ್ನೂ ಒಂದು ತಿಂಗಳಿರುವಾಗ ಅಮ್ಮ ಸತ್ತಳು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿ ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಬಂದವರೆಲ್ಲ ಪುಣ್ಯವಂತೆ, ನರಳದೆ ಹೋದಳು ಎಂದರು. ಅಷ್ಟು ಜನ ಒಂದೇ ಮಾತು ಹೇಳಿದರೆ ಎಂಥವನಿಗೂ ಸಿಟ್ಟು ಬರಬೇಕು. ನನಗೆ ಅದೂ ಬರಲಿಲ್ಲ. ಹೌದು ಹೌದು ಎಂದು ತಲೆಯಾಡಿಸಿದೆ. ಚಟ್ಟ ಕಟ್ಟುವವರಿಗೆ ಹಗ್ಗ ಎಲ್ಲಿದೆ ಎಂದು ತೋರಿಸಿದೆ. ತಿಥಿಯ ಅಡಿಗೆಗೆ ಒಲೆ ಹೂಡಿಸಿದೆ. ಅಳು ಬಂದರೆ ಅತ್ತುಬಿಡೋಣ ಎಂದು ಕಾಯುತ್ತಿದ್ದೆ, ಬರಲಿಲ್ಲ.

ಕೆಲಸಕ್ಕೆ ಹೋದೆ. ಬಸ್ಸಿನಲ್ಲಿ ಹೆಂಗಸರಿಗೆ ಈಗ ದುಡ್ಡಿಲ್ಲ, ಸೊನ್ನೆ ಟಿಕೆಟ್ ಕೊಡಬೇಕು. ಒಂದು ದಿನ ಹಿಂದಿನ ಸೀಟಿನಿಂದ ಥೇಟ್ ಅಮ್ಮನ ದನಿಯಲ್ಲಿ ಯಾರೋ ಯಲ್ದೂರು ಅಂದರು. ತಿರುಗಿ ನೋಡಿದೆ, ಯಾರೋ ಬೇರೆ ಹೆಂಗಸು, ಮಡಿಲಲ್ಲಿ ಹೂಕೋಸಿನ ಚೀಲ. ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋದೆ. ಎದೆಯಲ್ಲಿ ಏನಾದರೂ ಆಯಿತೇ ಎಂದು ನೋಡಿಕೊಂಡೆ. ಏನೂ ಆಗಿರಲಿಲ್ಲ.

ಸಾವಾದ ಮನೆಯಲ್ಲಿ ವರ್ಷದ ತನಕ ಹಬ್ಬ ಮಾಡುವುದಿಲ್ಲ. ನಮ್ಮ ಕಡೆ ಇದನ್ನು ಯಾರೂ ಕೂತು ಚರ್ಚೆ ಮಾಡುವುದಿಲ್ಲ, ಅದು ಹಾಗೇ. ಸಂಕ್ರಾಂತಿಯ ಬೆಳಿಗ್ಗೆ ಪಕ್ಕದ ತೋಪಿನವರು ಬೇಲಿಯ ಹತ್ತಿರ ನಿಂತು ಕೇಳಿದಾಗ ಅಪ್ಪ ತೆಲುಗಿನಲ್ಲಿ "ಈ ಏಡು ಮಾಕು ಪಂಡಗ ಲೇದು" ಎಂದರು. ಈ ವರ್ಷ ನಮಗೆ ಹಬ್ಬ ಇಲ್ಲ. ಅಷ್ಟಕ್ಕೆ ಎಲ್ಲವೂ ಮುಗಿಯಿತು. ಹಸುಗಳ ಮೈ ತೊಳೆಯಲಿಲ್ಲ, ಕೊಂಬಿಗೆ ಬಣ್ಣ ಬಳಿಯಲಿಲ್ಲ, ಎಳ್ಳು ಬೀರಲಿಲ್ಲ. ಬೇಲಿಯ ತನಕ ಹುಲ್ಲು ಕೊಯ್ಯಲು ಯಾರೂ ನಮ್ಮ ಕೈಗೆ ಕುಡುಗೋಲು ಕೊಡಲಿಲ್ಲ. ಸಂಜೆ ಊರ ಕಡೆಯಿಂದ ತಮಟೆ ಕೇಳಿಸಿತು, ಹೊಗೆ ಕಾಣಿಸಿತು. ಕಿಚ್ಚು ಹಾಯದಿದ್ದರೆ ಹಸುಗಳ ಮೈಮೇಲೆ ಉಣ್ಣೆಹುಳ ಹೆಚ್ಚುತ್ತದೆ ಎನ್ನುತ್ತಾರೆ. ನಾವು ಅದನ್ನೂ ಯೋಚಿಸಲಿಲ್ಲ. ಮುದ್ದೆ ಉಂಡು ಮಲಗಿದೆವು.

ಕೊಟ್ಟಿಗೆಯ ಹಿಂದೆ ಅಮ್ಮ ಕೂಡಿಸಿದ್ದ ರಾಶಿ ಹಾಗೆಯೇ ಉಳಿಯಿತು. ನನ್ನ ಎದೆಯ ಎತ್ತರಕ್ಕಿತ್ತು. ಅದರ ಮೇಲೆ ಅವಳ ಪೊರಕೆ.

ಫೆಬ್ರವರಿಯಲ್ಲಿ ಅರಣ್ಯದ ವಾಚರ್ ಬಂದ. ವರ್ಷಕ್ಕೊಂದು ಸಲ ಬೆಟ್ಟದಂಚಿನ ಮನೆಗಳಿಗೆ ಬಂದು ಬೆಂಕಿಯ ಬಗ್ಗೆ ಹೇಳಿ, ಮಜ್ಜಿಗೆ ಕುಡಿದು ಹೋಗುವವನು. ನಾವು ಹೂಂ ಎಂದು ಮರೆಯುವವರು. ಈ ಸಲ ಅವನು ಮಾವಿನ ಸಾಲಿನಲ್ಲಿ ನಡೆದವನು ನಿಂತುಬಿಟ್ಟ. ಕಾಲ ಕೆಳಗೆ ತರಗು ಚರಚರ ಎನ್ನುತ್ತಿತ್ತು. ಬೇರೆ ವರ್ಷ ನಿಮ್ಮ ತೋಪು ಅಂಗೈ ಹಾಗೆ ಇರುತ್ತಿತ್ತಲ್ಲ, ಈ ಸಲ ಏನಾಯಿತು ಎಂದು ಕೇಳಿದ. ಅಪ್ಪ ಹಸುಗಳಿಗೆ ನೀರಿಡಲು ಹೋದರು. ನನ್ನ ಹೆಂಡತಿ ಮಾತ್ರ, ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದವಳು, ಅವನ ಮುಖವನ್ನೂ ನೆಲವನ್ನೂ ಬೆಟ್ಟವನ್ನೂ ನೋಡಿದಳು. ಬೇಲಿಯ ಹತ್ತಿರ ಬೆಂಕಿ ಯಾಕೆ ನಿಲ್ಲುತ್ತಿತ್ತು ಎಂಬುದು ಅವಳಿಗೆ ಆಗ ಗೊತ್ತಾಯಿತಂತೆ. ರಾತ್ರಿ ಊಟಕ್ಕೆ ಬಡಿಸುತ್ತಾ ಅದನ್ನು ನನಗೆ ಹೇಳಿದಳು. ಅತ್ತೆ ಹಬ್ಬದ ಕಿಚ್ಚಿಗೆ ಗುಡಿಸುತ್ತಿದ್ದರು, ನೆಲ ಬರಿದಾಗುತ್ತಿತ್ತು, ಬೆಂಕಿಗೆ ಮೇವು ಸಿಗುತ್ತಿರಲಿಲ್ಲ, ಅಷ್ಟೇ ವಿಷಯ. ನಾನು ಸಾರು ಹಾಕು ಎಂದೆ.

ಮಾರನೆಯ ದಿನದಿಂದ ಅವಳು ಕೆಲಸ ಹಿಡಿದಳು. ಅಡಿಗೆಮನೆಯ ಗೋಡೆಗೆ ಒತ್ತಿ ಪೇರಿಸಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ರಸ್ತೆಯ ಬದಿಗೆ ಹಾಕಿದಳು. ಹೆಂಚಿನ ಮೇಲೆ ಬಿದ್ದಿದ್ದ ಎಲೆಯನ್ನು ಏಣಿ ಇಟ್ಟು ಎಳೆದಳು. ತೆಂಗಿನ ಒಣ ಗರಿ ಕೀಳಿಸಿದಳು. ಮಾವಿನ ಮರಗಳ ನೆಲ ಮುಟ್ಟುವ ರೆಂಬೆಗಳನ್ನು ಮಚ್ಚಿನಿಂದ ಕಡಿದಳು. ಹೂ ಬಿಟ್ಟ ರೆಂಬೆ ಕಡಿಯುತ್ತಾಳಲ್ಲ ಎಂದು ಅಪ್ಪ ಮುಖ ತಿರುಗಿಸಿದರು. ರಾಗಿ ಹುಲ್ಲಿನ ಬಣವೆ ಮನೆಗೆ ದೂರವೇ ಇತ್ತು, ಅದೊಂದು ಪುಣ್ಯ. ಕೊನೆಗೆ ಬೇಲಿಯ ಉದ್ದಕ್ಕೂ, ಒಂದು ಗಾಡಿ ಹೋಗುವಷ್ಟು ಅಗಲಕ್ಕೆ, ಹುಲ್ಲು ಕೊಯ್ದು ಸನಿಕೆಯಿಂದ ನೆಲ ಕೆರೆದು ಕೆಂಪು ಮಣ್ಣು ತೆಗೆದಳು. ಅದಕ್ಕೆ ಹಲವು ವಾರ ಹಿಡಿಯಿತು. ವಾರದ ರಜೆಯ ದಿನ ನಾನೂ ಸನಿಕೆ ಹಿಡಿಯುತ್ತಿದ್ದೆ. ಹೇಳಿದ ಕಡೆ ಕೆರೆಯುತ್ತಿದ್ದೆ, ಸಾಕು ಎಂದಾಗ ನಿಲ್ಲಿಸುತ್ತಿದ್ದೆ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ಟಿಕೆಟ್ ಮಿಷನ್ ಒತ್ತುವಾಗ ಉರಿಯುತ್ತಿತ್ತು. ಆ ಉರಿ ಒಂದು ರೀತಿ ಹಿತವಾಗಿಯೇ ಇತ್ತು, ಅಷ್ಟಾದರೂ ಗೊತ್ತಾಗುತ್ತಿದೆಯಲ್ಲ ಎಂದು.

ಎಲ್ಲ ಆಯಿತು, ರಾಶಿ ಒಂದು ಬಿಟ್ಟು.

ಅದನ್ನು ಮುಟ್ಟಲು ಅಪ್ಪ ಬಿಡಲಿಲ್ಲ. ನನ್ನ ಹೆಂಡತಿ ಮಂಕರಿ ತೆಗೆದುಕೊಂಡು ಹೋದ ದಿನ ಅವರು ರಾಶಿಯ ಮುಂದೆ ಬಂದು ನಿಂತರು. ಜೋರು ಮಾಡಲಿಲ್ಲ. "ಅವಳ ಕೈಲಿ ಕೂಡ್ಸಿದ್ದು ಕಣಮ್ಮ. ವರ್ಷದ ತಿಥಿ ಆಗ್ಲಿ, ಆಮೇಲೆ ನೋಡಾಣ" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಅವಳ ಕೈಯಿಂದ ಮಂಕರಿ ಇಸಿದುಕೊಂಡು ಗೋಡೆಗೆ ಒರಗಿಸಿದೆ. ವಾಚರ್ ಇನ್ನೊಂದು ಸಲ ಬಂದಾಗ ಅವನ ಬಾಯಿಂದಲೂ ಹೇಳಿಸಿದಳು. ಬೆಂಕಿ ನಡೆದುಕೊಂಡು ಬಂದರೆ ಕೆರೆದ ನೆಲದ ಹತ್ತಿರ ನಿಲ್ಲುತ್ತದೆ, ಆದರೆ ಗಾಳಿಯಲ್ಲಿ ಕಿಡಿ ಹಾರಿಕೊಂಡು ಬರುತ್ತದೆ, ಅದಕ್ಕೆ ಕೂರಲು ಒಂದು ಒಣ ಜಾಗ ಸಾಕು, ರಾಶಿ ಹತ್ತಿದರೆ ಕೊಟ್ಟಿಗೆ ಸೂರು, ಸೂರು ಹತ್ತಿದರೆ ಮನೆ ಎಂದು ಅವನು ಹೇಳಿದ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ರಾಶಿಯ ಮೇಲೆ ಒಂದು ಹಳೆಯ ಟಾರ್ಪಾಲು ಹೊದಿಸಿದರು. ಪ್ಲಾಸ್ಟಿಕ್ಕಿನದು.

ದಿನಾ ಸಂಜೆ ಅಪ್ಪ ಅಲ್ಲಿ ಹೋಗಿ ಕೂರುತ್ತಿದ್ದರು. ಅಳುತ್ತಿರಲಿಲ್ಲ. ಕೋಳಿ ರಾಶಿ ಕೆದಕಿದರೆ ಓಡಿಸುವರು, ಜಾರಿದ ತರಗನ್ನು ಕಾಲಿನಿಂದ ಒಳಕ್ಕೆ ತಳ್ಳುವರು. ನಾನು ಡ್ಯೂಟಿ ಮುಗಿಸಿ ಬಂದು ಬಚ್ಚಲಿಗೆ ಹೋಗುವಾಗ ಅವರನ್ನು ದಾಟಿಕೊಂಡು ಹೋಗುತ್ತಿದ್ದೆ.

ಮಾವು ಹೀಚು ಕಟ್ಟಿದ್ದ ಕಾಲ. ಅವತ್ತು ನನಗೆ ರಜೆ. ಮಧ್ಯಾಹ್ನದ ಊಟ ಆದ ಮೇಲೆ ಬೆಟ್ಟದ ನೆತ್ತಿಯಲ್ಲಿ ಹೊಗೆ ಎದ್ದಿತು. ಮೊದಲು ಬೆಳ್ಳಗೆ, ಸ್ವಲ್ಪ ಹೊತ್ತಿಗೆ ಹಳದಿ. ಬೇರೆ ವರ್ಷದ ಹಾಗೆ ಜಗಲಿಯ ಮೇಲೆ ನಿಂತು ನೋಡಿದೆವು. ಆಮೇಲೆ ಗಾಳಿ ತಿರುಗಿತು. ಬಾದೆ ಹುಲ್ಲು ಹತ್ತಿಕೊಂಡರೆ ಒಂದು ಸದ್ದು ಬರುತ್ತದೆ, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಆ ಸದ್ದು ಮನೆಗೆ ಕೇಳುವಷ್ಟು ಹತ್ತಿರ ಬಂತು. ನೀಲಗಿರಿಯ ಒಣ ತೊಗಟೆ ಉರಿಯುತ್ತಾ ಗಾಳಿಯಲ್ಲಿ ತೇಲಿ ಬರುವುದು ಕಾಣಿಸಿತು. ಒಂದು ನಮ್ಮ ಮಾವಿನ ಸಾಲಿನಲ್ಲಿ ಬಿತ್ತು. ನನ್ನ ಹೆಂಡತಿ ಒದ್ದೆ ಗೋಣಿಚೀಲದಿಂದ ಬಡಿದು ಆರಿಸಿ ನೇರ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಅವಳ ಹಿಂದೆ ನಾನು.

ಅಪ್ಪ ಆಗಲೇ ಅಲ್ಲಿದ್ದರು. ಟಾರ್ಪಾಲು ಸರಿಸಿ, ಎರಡು ಕೈಯಲ್ಲಿ ಹಿಡಿಯುವಷ್ಟು ತರಗು ತೆಗೆದು ಮಂಕರಿಗೆ ಹಾಕುತ್ತಿದ್ದರು. ಇನ್ನೊಂದು ಹಿಡಿ. ಮತ್ತೊಂದು ಹಿಡಿ. ನಾನು ರಾಶಿಗೆ ಕೈ ಹಾಕಲು ಹೋದರೆ ಅಡ್ಡ ಬಂದರು.

"ಬಿಡ್ಲಾ, ನಾನೇ ತೆಗೀತೀನಿ" ಎಂದರು.

ಅವರು ತೆಗೆಯುತ್ತಿದ್ದ ರೀತಿಯಲ್ಲಿ ಮಾರನೆಯ ಬೆಳಗಾದರೂ ಮುಗಿಯುತ್ತಿರಲಿಲ್ಲ. ಅವಸರವೇ ಇಲ್ಲ. ಪ್ರತಿ ಹಿಡಿಯನ್ನೂ ನೋಡಿ ಹಾಕುತ್ತಿದ್ದರು. ಹೊಗೆ ನಮ್ಮ ತಲೆಯ ಮೇಲೆ ಹಾಯುತ್ತಿತ್ತು. ಕೊಟ್ಟಿಗೆಯಲ್ಲಿ ಹಸುಗಳು ಗೊರಸು ಬಡಿಯುತ್ತಿದ್ದವು. ನಾನು ನಿಂತೇ ಇದ್ದೆ. ಮನೆ ಹೋಗುತ್ತದೆ ಎಂದು ತಲೆಗೆ ಗೊತ್ತಿತ್ತು. ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ.

ಮದುವೆಯಾಗಿ ಬಂದಾಗಿನಿಂದ ನನ್ನ ಹೆಂಡತಿ ಅಪ್ಪನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಆಡಿದಳು.

"ಮಾವ, ಅತ್ತೆ ಇದನ್ನ ಸುಡಕ್ಕೆ ಅಂತ ಕೂಡ್ಸಿದ್ದು. ಅವ್ರು ಇದ್ದಿದ್ರೆ ಸಂಕ್ರಾಂತಿ ದಿನವೇ ಬೂದಿ ಮಾಡಿರೋರು. ಇಟ್ಕೊಂಡಿದ್ದು ನಾವು."

ಅಪ್ಪನ ಕೈ ನಿಂತಿತು. ಮುಖದಲ್ಲಿ ಏನೂ ಬದಲಾಗಲಿಲ್ಲ. ರಾಶಿಯ ಮೇಲಿದ್ದ ಪೊರಕೆಯನ್ನು ತೆಗೆದು ಗೋಡೆಗೆ ಒರಗಿಸಿ, ಪಕ್ಕಕ್ಕೆ ಸರಿದು ನಿಂತರು. ಅವಳು ಟಾರ್ಪಾಲನ್ನು ನೆಲಕ್ಕೆ ಹಾಸಿ, ಎರಡೂ ತೋಳಿನಿಂದ ರಾಶಿಯನ್ನು ಅದರ ಮೇಲೆ ಎಳೆದಳು. ನಾನು ಒಂದು ತುದಿ ಹಿಡಿದೆ, ಅವಳು ಇನ್ನೊಂದು. ಮನೆಯಿಂದ ಸ್ವಲ್ಪ ದೂರದಲ್ಲಿ ರಾಗಿ ಒಣಗಿಸುವ ಹಾಸುಬಂಡೆ ಇದೆ. ಅದರ ಮೇಲೆ ಹುಲ್ಲು ಕಡ್ಡಿ ಏನೂ ಬೆಳೆಯುವುದಿಲ್ಲ. ಅಲ್ಲಿಗೆ ಎಳೆದುಕೊಂಡು ಹೋಗಿ ಸುರಿದು ಬಂದೆವು. ಎರಡನೆಯ ಸಲ ಬರುವಷ್ಟರಲ್ಲಿ ಅಪ್ಪ ಮಂಡಿಯೂರಿ ಸನಿಕೆಯಲ್ಲಿ ತೋಡುತ್ತಿದ್ದರು. ಈಗ ಬೇಗ ಬೇಗ. ಎಷ್ಟು ಸಲ ಎಳೆದೆವೋ ಗೊತ್ತಿಲ್ಲ. ಅಡಿಯಲ್ಲಿದ್ದ ತರಗು ಒದ್ದೆಯಾಗಿ, ಕಪ್ಪಾಗಿ ಗೊಬ್ಬರವಾಗಿತ್ತು. ಅದಕ್ಕೆ ಬೆಂಕಿ ಹತ್ತುವುದಿಲ್ಲ ಎಂದು ಬಿಟ್ಟೆವು. ಸೂರಿಗೂ ಗೋಡೆಗೂ ಡ್ರಮ್ಮಿನ ನೀರು ಎರಚಿದೆವು.

ಬೆಂಕಿ ಬೇಲಿಗೆ ಬಂತು. ಕೆರೆದ ಕೆಂಪು ನೆಲದ ಆ ಕಡೆ ಅಂಚಿನಲ್ಲಿ ಅಷ್ಟುದ್ದಕ್ಕೂ ನಿಂತು ಉರಿಯಿತು. ನಾವು ಮೂವರೂ ಒದ್ದೆ ಗೋಣಿ ಹಿಡಿದು ಈ ಕಡೆ ಓಡಾಡಿದೆವು. ಒಂದೆರಡು ಕಡೆ ಕಿಡಿ ಬಿದ್ದಿತು, ಬಡಿದೆವು. ಪಕ್ಕದ ತೋಪಿನವರೂ ಬಂದು ಸೇರಿಕೊಂಡರು. ಬೆನ್ನ ಹಿಂದೆ ಏನೋ ಧಗ್ ಎಂದಿತು. ತಿರುಗಿದರೆ ಹಾಸುಬಂಡೆಯ ಮೇಲೆ ಸುರಿದಿದ್ದ ರಾಶಿ ಹತ್ತಿಕೊಂಡಿತ್ತು. ಯಾವುದೋ ಕಿಡಿ ಅದನ್ನೇ ಹುಡುಕಿಕೊಂಡು ಹೋಗಿತ್ತು. ಕೊಟ್ಟಿಗೆಯ ಸೂರಿನ ಕೆಳಗೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಜ್ವಾಲೆ ಮರದೆತ್ತರ ಹೋಯಿತು.

ಅಷ್ಟರಲ್ಲಿ ಅಮ್ಮ ಸಾಕಿದ್ದ ಕೆಂದ ಹಸು ಹಗ್ಗ ಜಗ್ಗತೊಡಗಿತು. ಮಿಕ್ಕ ಎರಡು ಸೀಮೆ ಹಸುಗಳು ಬೆಂಕಿಗೆ ಹೆದರಿ ಗೋಡೆಗೆ ಒತ್ತಿಕೊಂಡಿದ್ದವು. ಇದು ಬಂಡೆಯ ಕಡೆಗೇ ಮುಖ ಮಾಡಿ ಎಳೆಯುತ್ತಿತ್ತು. ಕರುವಾಗಿದ್ದಾಗಿನಿಂದ ಪ್ರತಿ ಸಂಕ್ರಾಂತಿಗೂ ಅಮ್ಮನ ಜೊತೆ ಕಿಚ್ಚು ಹಾಯ್ದ ಹಸು. ಅಪ್ಪ ಗೋಣಿಚೀಲ ಬಿಸಾಕಿ ಹೋಗಿ ಅದರ ಕೊರಳು ತಬ್ಬಿ ಹಿಡಿದುಕೊಂಡರು. "ಆಗವೇ. ಈ ಏಡು ಲೇದು" ಎಂದರು. ನಿಲ್ಲು, ಈ ವರ್ಷ ಇಲ್ಲ. ಆ ಮಾತನ್ನು ಮತ್ತೆ ಮತ್ತೆ, ರಾಶಿ ಉರಿದು ತಗ್ಗುವ ತನಕ ಅದರ ಕಿವಿಯ ಹತ್ತಿರ ಹೇಳುತ್ತಲೇ ಇದ್ದರು.

ಹೊತ್ತು ಮುಳುಗುವ ವೇಳೆಗೆ ಬೆಂಕಿ ಬೇಲಿಯ ಬುಡದಲ್ಲಿ ಹೊಗೆಯಾಡಿ ಆರಿತು. ಎಂಟು ಹತ್ತು ಕಲ್ಲುಕಂಬ ಕಪ್ಪಾಗಿದ್ದವು. ಬೇಲಿಯ ಪಕ್ಕದ ಮರಗಳ ಹೀಚು ಶಾಖಕ್ಕೆ ಬಾಡಿ ಉದುರಿದ್ದವು. ಮನೆಗೆ, ಕೊಟ್ಟಿಗೆಗೆ ಏನೂ ಆಗಲಿಲ್ಲ. ಪಕ್ಕದ ತೋಪಿನವರು ದೇವರು ದೊಡ್ಡವನು ಎಂದರು. ನನ್ನ ಹೆಂಡತಿ ಮಸಿ ಹಿಡಿದ ಕೈಯನ್ನು ಸೀರೆಗೆ ಒರೆಸಿಕೊಂಡು ಕಾಫಿ ಕಾಯಿಸಲು ಒಳಗೆ ಹೋದಳು. ಅಪ್ಪ ಊಟ ಬೇಡ ಎಂದರು. ನಾನು ಊಟ ಮಾಡಿದೆ, ನಿದ್ದೆಯೂ ಬಂತು.

ಬೆಳಿಗ್ಗೆ ನನಗೆ ಡ್ಯೂಟಿ. ಟಾರು ರಸ್ತೆಗೆ ಬರುವ ಮೊದಲನೇ ಬಸ್ಸು ಹಿಡಿದು ಡಿಪೋಗೆ ಹೋಗಬೇಕು. ಯೂನಿಫಾರ್ಮ್ ಹಾಕಿಕೊಂಡು, ಮುಖ ತೊಳೆಯಲು ಹಿತ್ತಿಲಿಗೆ ಹೋದೆ. ನನ್ನ ಹೆಂಡತಿ ಆಗಲೇ ಎದ್ದು, ರಾಶಿಯಿದ್ದ ಜಾಗವನ್ನು ಕೆರೆದು ಗುಡಿಸಿ, ಸಗಣಿ ನೀರು ಹಾಕಿದ್ದಳು. ಕೊಟ್ಟಿಗೆಯ ಗೋಡೆಯಿಂದ ಬೇಲಿಯ ತನಕ ಒಂದು ಎಲೆ ಇರಲಿಲ್ಲ. ಅಪ್ಪ ದಿನಾ ಸಂಜೆ ಕೂರುತ್ತಿದ್ದ ಕಲ್ಲಿನ ಹತ್ತಿರ ನಿಂತು ಆ ನೆಲ ನೋಡುತ್ತಿದ್ದರು. ನಾನೂ ನಿಂತೆ.

ಅರ್ಧಕ್ಕೆ ಬಿಟ್ಟ ಕೆಲಸ ಇದ್ದರೆ ಬಿಟ್ಟುಹೋದವರು ಅದನ್ನು ಮುಗಿಸಲು ಬರುತ್ತಾರೆ. ಹೀಗೆಂದು ನಾನು ಯಾವತ್ತೂ ಯೋಚಿಸಿದ್ದಿಲ್ಲ, ಆದರೆ ಅಷ್ಟು ದಿನ ನಾನು ಇದ್ದದ್ದು ಹಾಗೆ. ಬಹುಶಃ ಅಪ್ಪನೂ ಹಾಗೇ ಇದ್ದರು. ಅಮ್ಮ ಎಲ್ಲೋ ಹೋಗಿದ್ದಾಳೆ, ಕೆಲಸ ಇಲ್ಲಿ ಬಾಕಿ ಇದೆ. ಈಗ ಆ ಕೆಲಸ ಮುಗಿದಿತ್ತು. ಮುಗಿಸಿದ್ದು ನಾವು. ಮನೆ ಉಳಿಯಬೇಕಾದರೆ ಮುಗಿಸಲೇಬೇಕಿತ್ತು.

ಅಪ್ಪ ನನ್ನ ಕಡೆ ತಿರುಗಲಿಲ್ಲ. ನೆಲ ನೋಡುತ್ತಲೇ, ತೀರಾ ಮಾಮೂಲಿ ದನಿಯಲ್ಲಿ ಹೇಳಿದರು.

"ಇನ್ನು ಅವಳು ಬರಲ್ಲ ಕಣೋ."

ನನ್ನ ಗಂಟಲಿನಿಂದ ಒಂದು ಸದ್ದು ಬಂತು. ನನ್ನದೆಂದು ನನಗೇ ಗೊತ್ತಾಗಲಿಲ್ಲ. ಕೊಟ್ಟಿಗೆಯ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದು, ಖಾಕಿ ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. ಟಾರು ರಸ್ತೆಯಲ್ಲಿ ಮೊದಲನೇ ಬಸ್ಸು ಹಾರನ್ ಹೊಡೆಯಿತು, ಸ್ವಲ್ಪ ಹೊತ್ತು ಕಾಯಿತು, ನನ್ನನ್ನು ಬಿಟ್ಟು ಹೋಯಿತು.